ಸರ್ವರ್ ನಿಗಾ ಕೈಪಿಡಿ: ‘ಅಲರ್ಟ್’, ‘ವಾರ್ನಿಂಗ್’ ಎರಡಕ್ಕೂ ‘ಎಚ್ಚರಿಕೆ’ಯೇ?

ಮಾನ್ಯರೇ,

ಸಂಸ್ಥೆಯೊಂದರ ಸರ್ವರ್ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುವ ಸಿಬ್ಬಂದಿಗಾಗಿ ಒಂದು ಕೈಪಿಡಿಯನ್ನೂ ಗೋಡೆಗೆ ಹಾಕುವ ಒಂದು ಫಲಕವನ್ನೂ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಫಲಕವು ಶುಕ್ರವಾರ ಮುದ್ರಣಕ್ಕೆ ಹೋಗಬೇಕು. ಅಲ್ಲಿ ಹಳೆಯ ಯಂತ್ರಗಳನ್ನು ನಾಗಿಯೋಸ್ ತಂತ್ರಾಂಶವೂ ಹೊಸವನ್ನು ಪ್ರೊಮೀಥಿಯಸ್ ಮತ್ತು ಅದರ ಜೊತೆಯ ಅಲರ್ಟ್‌ಮ್ಯಾನೇಜರ್ ತಂತ್ರಾಂಶವೂ ನೋಡಿಕೊಳ್ಳುತ್ತವೆ.

ನಾಗಿಯೋಸ್ ಪ್ರತಿಯೊಂದು ಸೇವೆಗೂ ಓಕೆ, ವಾರ್ನಿಂಗ್, ಕ್ರಿಟಿಕಲ್, ಅನ್‌ನೋನ್ ಎಂಬ ನಾಲ್ಕು ಸ್ಥಿತಿಗಳಲ್ಲಿ ಒಂದನ್ನು ಕೊಡುತ್ತದೆ. ವಾರ್ನಿಂಗ್‌ಗೆ ‘ಎಚ್ಚರಿಕೆ’ ಎಂದೂ ಕ್ರಿಟಿಕಲ್‌ಗೆ ‘ಗಂಭೀರ’ ಎಂದೂ ಬರೆದೆ. ಮುಂದಿನ ಪುಟದಲ್ಲಿ ಅಲರ್ಟ್ ಬಂದಿತು. ಅದಕ್ಕೂ ನಿಘಂಟುಗಳು ‘ಎಚ್ಚರಿಕೆ’ಯನ್ನೇ ಕೊಡುತ್ತವೆ. ಪರಿಣಾಮವಾಗಿ ‘ಎಚ್ಚರಿಕೆಯ ಎಚ್ಚರಿಕೆ ಬಂದರೆ ಕಾಯಿರಿ, ಗಂಭೀರ ಎಚ್ಚರಿಕೆ ಬಂದರೆ ಕರೆ ಮಾಡಿರಿ’ ಎಂಬ ವಾಕ್ಯ ಹುಟ್ಟಿಕೊಂಡಿದೆ. ನೋಟಿಫಿಕೇಶನ್‌ಗೆ ಮೊಬೈಲ್‌ಗಳಲ್ಲಿ ‘ಅಧಿಸೂಚನೆ’ ಎಂದಿದೆ. ನಮ್ಮ ಓದುಗರಿಗೆ ಅಧಿಸೂಚನೆಯೆಂದರೆ ಸರ್ಕಾರ ರಾಜ್ಯಪತ್ರದಲ್ಲಿ ಹೊರಡಿಸುವುದು. ಇವುಗಳ ಜೊತೆಗೆ ಅಕ್ನಾಲೆಜ್, ಸೈಲೆನ್ಸ್, ರಿಸಾಲ್ವ್ಡ್ ಎಂಬ ಮೂರಕ್ಕೂ ಪದ ಬೇಕು. ‘ಎಚ್ಚರಸಂದೇಶ’ ಎಂಬುದು ನನ್ನ ತಾತ್ಕಾಲಿಕ ಸಲಹೆ.

— ಅನುವಾದಕಿ, ಹುಬ್ಬಳ್ಳಿ

•

ತಂಗೀ,

‘ಎಚ್ಚರಸಂದೇಶ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದದ್ದು. ಬಿಡಿ.

ನಿಮ್ಮ ತೊಡಕಿಗೆ ಉತ್ತರ ‘ಎಚ್ಚರ’ದ ಮೂಲದಲ್ಲಿಯೇ ಇದೆ. ಹಳಗನ್ನಡದಲ್ಲಿ ಇದರ ರೂಪ ‘ಎೞ್ಚರ್’. ಇಂದಿನ ‘ಏಳು’ ಧಾತುವಿಗೂ ಇದಕ್ಕೂ ನಂಟಿದೆ, ನಿದ್ದೆಯಿಂದ ಏಳುವುದೇ ಇದರ ಮೊದಲ ಅರ್ಥ. ೞಕಾರವು ಬಳಕೆಯಿಂದ ಅಳಿದುಹೋದ ಮೇಲೆ ನಂಟು ಕಣ್ಣಿಗೆ ಕಾಣದಾಯಿತು, ಅಷ್ಟೇ. ‘ಎಚ್ಚರಿಕೆ’ಯಾದರೋ ಎಚ್ಚರಿಸುವ ಕ್ರಿಯೆಯನ್ನು ಹೇಳುವ ಭಾವನಾಮ. ರಾತ್ರಿ ಪಾಳಿಯವರನ್ನು ಎಬ್ಬಿಸಿ ನಿಲ್ಲಿಸುವುದು ಅಲರ್ಟ್ ಆದ್ದರಿಂದ ಅದಕ್ಕೆ ‘ಎಚ್ಚರ’ ಎಂದೂ, ಮುಂದೆ ಕೆಡುಕಾದೀತು ಎಂದು ತಿಳಿಸುವ ವಾರ್ನಿಂಗ್‌ಗೆ ‘ಎಚ್ಚರಿಕೆ’ ಎಂದೂ ಬರೆದರೆ ಒಂದೇ ಧಾತುವಿನಲ್ಲಿ ಎರಡು ಪದಗಳೂ ದೊರೆಯುತ್ತವೆ. ಇದಕ್ಕಿಂತ ಹೆಚ್ಚಿನ ಚರ್ಚೆ ಅನಗತ್ಯ.

— ನಿವೃತ್ತ ಅಧ್ಯಾಪಕ, ಮೈಸೂರು

•

ಗುರುಗಳೇ,

ಧನ್ಯವಾದಗಳು. ಆದರೆ ಫಲಕದಲ್ಲಿ ‘ಸರ್ವರ್ 7ಕ್ಕೆ ಎಚ್ಚರ ಬಂದಿದೆ’ ಎಂದು ಬರೆದರೆ, ಮೂರ್ಛೆ ಹೋಗಿದ್ದ ಸರ್ವರ್ ಚೇತರಿಸಿಕೊಂಡಿತು ಎಂದೇ ಜನ ಓದುತ್ತಾರೆ. ಹೇಳಬೇಕಾದದ್ದು ಅದರ ತದ್ವಿರುದ್ಧ.

— ಅನುವಾದಕಿ, ಹುಬ್ಬಳ್ಳಿ

•

ಎಲ್ಲರಿಗೂ ನಮಸ್ಕಾರ.

ಪದಗಳನ್ನು ಆರಿಸುವ ಮೊದಲು, ಅವು ಯಾವುದನ್ನು ಹೆಸರಿಸುತ್ತವೆ ಎಂಬುದನ್ನು ನೋಡಬೇಕು; ಈವರೆಗಿನ ಪತ್ರಗಳಲ್ಲಿ ಆ ಕೆಲಸ ನಡೆದಿಲ್ಲ. ನಾನು ಇದೇ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಸ್ಥಿತಿ, ಅಲರ್ಟ್, ನೋಟಿಫಿಕೇಶನ್ ಎಂಬ ಮೂರು ಬೇರೆ ಬೇರೆ ಸಂಗತಿಗಳಿವೆ. ಡಿಸ್ಕ್ ಶೇಕಡ 80 ತುಂಬಿದರೆ ವಾರ್ನಿಂಗ್, 90 ತುಂಬಿದರೆ ಕ್ರಿಟಿಕಲ್ ಎಂದು ನಾವು ಮಿತಿ ಹಾಕಿದ್ದೇವೆ ಎಂದುಕೊಳ್ಳೋಣ. ಅವು ಸ್ಥಿತಿಯ ಹೆಸರುಗಳು, ತೀವ್ರತೆಯ ಹಂತಗಳು; ಜ್ಯಾಬಿಕ್ಸ್ ಎಂಬ ಇನ್ನೊಂದು ನಿಗಾ ತಂತ್ರಾಂಶದಲ್ಲಿ ಇಂತಹ ಹಂತಗಳು ಆರು ಇವೆ. ಪ್ರೊಮೀಥಿಯಸ್‌ನಲ್ಲಿ ನಾವು ಬರೆದಿಟ್ಟ ನಿಯಮವೊಂದರ ಷರತ್ತು ನಿಜವಾದ ಕೂಡಲೇ ಅಲರ್ಟ್ ಹೊರಗೆ ಹೋಗುವುದಿಲ್ಲ. ನಿಯಮದಲ್ಲಿ ಐದು ನಿಮಿಷವೆಂದು ಹೇಳಿದ್ದರೆ, ಅಷ್ಟು ಹೊತ್ತು ಅದು ‘ಪೆಂಡಿಂಗ್’ ಆಗಿರುತ್ತದೆ. ಐದು ನಿಮಿಷವೂ ಸ್ಥಿತಿ ಹಾಗೆಯೇ ಉಳಿದರೆ ಮಾತ್ರ ‘ಫೈರಿಂಗ್’ ಆಗಿ ಅಲರ್ಟ್‌ಮ್ಯಾನೇಜರ್‌ಗೆ ಹೋಗುತ್ತದೆ. ಅಲರ್ಟ್‌ಮ್ಯಾನೇಜರ್ ಒಂದೇ ಬಗೆಯವನ್ನು ಗುಂಪು ಮಾಡಲು, ನಾವು ಬದಲಿಸದಿದ್ದರೆ, 30 ಸೆಕೆಂಡು ಕಾಯುತ್ತದೆ. ಬಳಿಕ ಇಮೇಲ್ ಅಥವಾ ಮೊಬೈಲ್ ಸಂದೇಶ ಕಳಿಸುತ್ತದೆ. ತೊಂದರೆ ಮುಂದುವರಿದರೆ 4 ಗಂಟೆಗೊಮ್ಮೆ ನೆನಪಿಸುತ್ತದೆ. ಕೊನೆಯಲ್ಲಿ ಕೈಗೆ ತಲುಪುವ ಈ ಸಂದೇಶ ಮಾತ್ರ ನೋಟಿಫಿಕೇಶನ್. ಹೀಗಾಗಿ ಒಂದು ಸಂದೇಶದೊಳಗೆ ನಲವತ್ತು ಅಲರ್ಟ್‌ಗಳಿರಬಹುದು, ಅಲರ್ಟ್ ಇದ್ದೂ ಒಂದು ಸಂದೇಶವೂ ಬಾರದಿರಬಹುದು.

ಈ ಕಡೆಯ ಮಾತು ‘ಸೈಲೆನ್ಸ್’ ಪದಕ್ಕೆ ಬಹಳ ಮುಖ್ಯ. ಸೈಲೆನ್ಸ್ ಹಾಕಿದರೆ ನಿಲ್ಲುವುದು ಸಂದೇಶ ಮಾತ್ರ; ಅಲರ್ಟ್ ಒಳಗೆ ಉರಿಯುತ್ತಲೇ ಇರುತ್ತದೆ. ಅದಕ್ಕೆ ಆರಂಭದ ಮತ್ತು ಮುಕ್ತಾಯದ ಸಮಯವಿರುತ್ತದೆ, ಹಾಕಿದವರ ಹೆಸರನ್ನೂ ಕಾರಣವನ್ನೂ ನಮೂದಿಸಬೇಕಾಗುತ್ತದೆ. ಇದನ್ನು ಬರೀ ‘ಮೌನ’ ಎಂದರೆ ಎಲ್ಲವೂ ಶಾಂತವಾಗಿದೆ ಎಂದು ಪಾಳಿಯವರು ತಿಳಿದಾರು. ‘ಮೌನದ ಅವಧಿ’ ಎಂದರೆ ಅದು ಮುಗಿಯುವ ಹೊತ್ತೊಂದಿದೆ ಎಂಬುದು ಪದದಲ್ಲೇ ಬರುತ್ತದೆ. ‘ತಡೆ’ ಎಂಬ ಪದವನ್ನು ಇಲ್ಲಿ ಖರ್ಚು ಮಾಡಬೇಡಿ; ಅದು ‘ಇನ್‌ಹಿಬಿಶನ್’ಗೆ ಬೇಕು. ಇಡೀ ಜಾಲಬಂಧವೇ ಕಡಿದುಹೋಗಿರುವಾಗ ಅದರ ಹಿಂದಿರುವ ಒಂದೊಂದು ಯಂತ್ರದ ಸಣ್ಣ ಅಲರ್ಟ್‌ಗಳ ಸಂದೇಶವನ್ನು ದೊಡ್ಡ ಅಲರ್ಟ್ ತಡೆಹಿಡಿಯುತ್ತದಲ್ಲ, ಅದು ತಡೆ.

ಅಲರ್ಟ್‌ಗೆ ಅಲರ್ಟ್ ಎಂದೇ ಬರೆಯಿರಿ. ಮಳೆಗಾಲದಲ್ಲಿ ಕರಾವಳಿಗೆ ‘ರೆಡ್ ಅಲರ್ಟ್’ ಎಂದು ಕನ್ನಡ ಪತ್ರಿಕೆಗಳು ಮುಖಪುಟದಲ್ಲಿ ಅಚ್ಚು ಹಾಕುತ್ತವೆ. ಓದಿದ ಮೀನುಗಾರರು ದೋಣಿ ಇಳಿಸುವುದಿಲ್ಲ. ಪದ ತನ್ನ ಕೆಲಸ ಮಾಡಿದಂತಾಯಿತು.

— ಸಿಸ್ಟಂ ಅಡ್ಮಿನ್, ಬೆಂಗಳೂರು

•

ಬೆಂಗಳೂರಿನವರ ಪತ್ರದಲ್ಲಿ ಕನ್ನಡದ ಪದಗಳಿಗಿಂತ ಹೊರಗಿನವೇ ಎದ್ದು ಕಾಣುತ್ತಿವೆ. ಪತ್ರಿಕೆಗಳು ಸೋಮಾರಿಯಾದವೆಂದು ನಾವೂ ಸೋಮಾರಿಗಳಾಗಬೇಕೆ?

ಮೊದಲ ತಪ್ಪು ತಲೆಬರಹದಲ್ಲಿಯೇ ಇದೆ. ‘ನಿಗಾ’ ಪಾರಸಿಯದು, ‘ಉಸ್ತುವಾರಿ’ ಪಾರಸಿಯದು, ‘ಗಸ್ತು’ ಪಾರಸಿಯದು. ಇಡೀ ಊರನ್ನು ಕಾಯುವ ಕೆಲಸಕ್ಕೆ ನಮ್ಮವರು ‘ಕಾವಲು’ ಎಂದರು, ಕಾವಲಿನವನು ಕಂಡದ್ದನ್ನು ಸಾರುವುದಕ್ಕೆ ‘ಕೂಗು’ ಎಂದರು. ಸರ್ವರ್ ಕಾವಲು, ಕಾವಲಿನ ಕೂಗು, ಮರುಕೂಗು. ಇದರಲ್ಲಿ ಅರಿಸಮಾಸವೂ ಇಲ್ಲ, ಆಂಗ್ಲವೂ ಇಲ್ಲ. ಸರ್ವರ್‌ಗೂ ಒಂದು ಕನ್ನಡ ಪದ ಇಂದಲ್ಲ ನಾಳೆ ಬೇಕೇ ಬೇಕು.

— ಶಿವಮೊಗ್ಗ

•

ಶಿವಮೊಗ್ಗದ ಮಹನೀಯರಿಗೆ,

‘ಕೂಗು’ ಎಂದರೆ ಮೊದಲು ನೆನಪಾಗುವುದು ಅಹವಾಲು, ಬೇಡಿಕೆ, ಪ್ರತ್ಯೇಕ ಜಿಲ್ಲೆಯ ಕೂಗು. ಸರ್ವರ್ ಚಳವಳಿ ಹೂಡಿಲ್ಲ.

‘ನಿಗಾ’ವನ್ನು ಹೊರಗಟ್ಟುವ ಮೊದಲು ಯಾವುದಾದರೂ ಆಸ್ಪತ್ರೆಗೆ ಹೋಗಿ ‘ತೀವ್ರ ನಿಗಾ ಘಟಕ’ ಎಂಬ ಫಲಕವನ್ನು ನೋಡಿಬರಬೇಕೆಂದು ಕೋರುತ್ತೇನೆ. ಎರಡು ಸಂಸ್ಕೃತ ಪದಗಳ ನಡುವೆ ಒಂದು ಪಾರಸಿ ಪದ ಕುಳಿತಿದೆ, ಒಳಗಿರುವವರ ಬಂಧುಗಳಲ್ಲಿ ಒಬ್ಬರಿಗೂ ಅದು ಪರಕೀಯವೆನಿಸುವುದಿಲ್ಲ. ‘ಮೇಲ್ವಿಚಾರಣೆ’ ಎಂದರೆ ಮೇಲಧಿಕಾರಿಯ ಕೆಲಸ, ‘ಕಣ್ಗಾವಲು’ ಎಂದರೆ ಕಳ್ಳನ ಮೇಲಿನ ಕ್ಯಾಮೆರಾ. ಏರುಪೇರಾದೀತೇ ಎಂದು ಗಳಿಗೆ ಗಳಿಗೆಗೂ ನೋಡುತ್ತಿರುವುದಕ್ಕೆ ನಮ್ಮಲ್ಲಿರುವುದು ‘ನಿಗಾ’ ಒಂದೇ, ಸರ್ವರ್‌ಗೆ ಬೇಕಾಗಿರುವುದೂ ಅದೇ. ಸರ್ವರ್ ಪದದ ವಿಷಯಕ್ಕೆ ಬಂದರೆ, ಪಡಿತರದ ಸಾಲಿನಲ್ಲಿ ನಿಂತ ಅಜ್ಜಿಯೂ ‘ಸರ್ವರ್ ಇಲ್ಲವಂತೆ’ ಎಂದು ಹೇಳಿ ಮನೆಗೆ ಹಿಂತಿರುಗುವ ಕಾಲ ಬಂದಿದೆ. ಆ ಪದಕ್ಕೆ ಇನ್ನು ತಿದ್ದುಪಡಿ ತರುವುದು ಸಾಧ್ಯವಿಲ್ಲ.

ಎರವಲಿನ ಬಗ್ಗೆ ಇಷ್ಟು ಸಿಟ್ಟಿದ್ದರೆ ಆ ಇಂಗ್ಲಿಷ್ ಪದದ ಜಾತಕವನ್ನೂ ನೋಡಬೇಕು. ಅಲರ್ಟ್ ಇಂಗ್ಲಿಷಿಗೆ ಫ್ರೆಂಚಿನಿಂದಲೂ ಫ್ರೆಂಚಿಗೆ ಇಟಾಲಿಯನ್ನಿನಿಂದಲೂ ಬಂದದ್ದು; ಎತ್ತರದ ಕಾವಲು ನೆಲೆಗೆ ಹತ್ತಿರಿ ಎಂದು ಸೈನಿಕರಿಗೆ ಹೇಳುತ್ತಿದ್ದ ‘ಆಲ್ ಎರ್ತಾ’ ಅದರ ಮೂಲ. ಅಲಾರಂ ಕೂಡ ಅಲ್ಲಿಯದೇ. ‘ಆಲ್ ಆರ್ಮೆ’, ಆಯುಧ ಹಿಡಿಯಿರಿ ಎಂಬ ಆಜ್ಞೆ. ನಾಗಿಯೋಸ್‌ನಿಂದ 2009ರಲ್ಲಿ ಕವಲೊಡೆದ ತಂತ್ರಾಂಶಕ್ಕೆ ಅದನ್ನು ಕಟ್ಟಿದವರು ‘ಇಸಿಂಗಾ’ ಎಂಬ ಜುಲು ಭಾಷೆಯ ಪದವನ್ನು ಇಟ್ಟರು. ಹುಡುಕಿ ನೋಡುತ್ತದೆ ಎಂಬುದು ಅದರ ಅರ್ಥ. ಕಡ ತಂದವರು ಯಾರೂ ಇದರಿಂದ ಬಡವರಾಗಲಿಲ್ಲ.

ಅನುವಾದಕಿಯವರಿಗೆ ಒಂದು ಮಾತು. ರಿಸಾಲ್ವ್ಡ್ ಎಂಬುದಕ್ಕೆ ‘ಪರಿಹಾರವಾಗಿದೆ’ ಎಂದು ಬರೆಯಬೇಡಿ. ಪತ್ರಿಕೆ ಓದುವವರಿಗೆ ಪರಿಹಾರವೆಂದರೆ ನೆರೆ ಸಂತ್ರಸ್ತರಿಗೆ ಸಿಗುವ ಹಣ. ಅದಕ್ಕಿಂತ ಮುಖ್ಯವಾಗಿ, ತಂತ್ರಾಂಶಕ್ಕೆ ಗೊತ್ತಿರುವುದು ಆ ಸ್ಥಿತಿ ಈಗ ಇಲ್ಲ ಎಂಬುದಷ್ಟೇ; ಯಾರಾದರೂ ಸರಿಪಡಿಸಿದರೋ ತಾನಾಗಿಯೇ ಇಳಿಯಿತೋ ಅದಕ್ಕೆ ತಿಳಿಯದು. ‘ಶಮನವಾಗಿದೆ’ ಎಂದರೆ ಅಷ್ಟನ್ನೇ ಹೇಳಿದಂತಾಗುತ್ತದೆ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

•

ಇಟಲಿಯವರು ಕಡ ಕೊಟ್ಟರೆಂಬುದು ನಾವು ಕಡ ತರಲು ಕಾರಣವಾಗದು. ಬಡತನದ ಲೆಕ್ಕ ಬ್ಯಾಂಕಿನವರಿಗೆ ಬಿಟ್ಟದ್ದು.

— ಶಿವಮೊಗ್ಗ

•

ಮಂಗಳೂರಿನವರು ‘ತೀವ್ರ ನಿಗಾ ಘಟಕ’ವನ್ನು ತೋರಿಸಿ ನನ್ನ ಬಾಯಿ ಕಟ್ಟಬಹುದೆಂದು ಭಾವಿಸಿದಂತಿದೆ. ರೂಢಿಗೆ ಬಂದದ್ದನ್ನು ಒಪ್ಪುವುದು ಬೇರೆ, ಹೊಸದಾಗಿ ಕಟ್ಟುವಾಗ ಎಚ್ಚರದಿಂದಿರುವುದು ಬೇರೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನು ಸಂಸ್ಕೃತ ಕನ್ನಡಗಳನ್ನು ಬೆಸೆಯುವುದನ್ನು ದೋಷವೆಂದು ಸುಮ್ಮನೆ ಹೇಳಲಿಲ್ಲ, ಬಿರುದುಗಳಿಗೆ ವಿನಾಯಿತಿಯನ್ನೂ ಇಟ್ಟನು. ಗಮಕಸಮಾಸಕ್ಕೂ ಕ್ರಿಯಾಸಮಾಸಕ್ಕೂ ಆ ದೋಷ ತಟ್ಟುವುದಿಲ್ಲ. ಹೀಗಿರುವಾಗ, ಬೆಸೆಯಲೇಬೇಕೆನ್ನುವವರಿಗೆ ಕ್ರಿಯಾಪದದ ದಾರಿ ತೆರೆದೇ ಇದೆ: ‘ಸಂದೇಶ ಕಳುಹಿಸು’, ‘ಮೌನ ತಾಳು’. ನಾಮಪದಕ್ಕೆ ನಾಮಪದವನ್ನೇ ಹುಡುಕುವ ಚಟ ನಮ್ಮ ಅನುವಾದಕರಿಗೆ ಆಂಗ್ಲದಿಂದ ಅಂಟಿದ್ದು; ಪದಗಳ ಎರವಲಿಗಿಂತ ಈ ಎರವಲು ಹೆಚ್ಚು ಕೇಡಿನದು.

‘ಎಚ್ಚರ’ದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

— ನಿವೃತ್ತ ಅಧ್ಯಾಪಕ, ಮೈಸೂರು

•

ಮಾನ್ಯರೇ,

ನಾಳೆ ಕರಡು ಹೋಗಬೇಕು. ಗುರುಗಳ ಕ್ರಿಯಾಪದದ ಮಾತು ನನಗೆ ನೇರವಾಗಿ ಉಪಯೋಗಕ್ಕೆ ಬಂದಿತು, ಅವರು ಒಪ್ಪದ ರೀತಿಯಲ್ಲಿಯೇ ಆದರೂ.

‘ಎಚ್ಚರಿಕೆ’ ಎಂಬುದನ್ನು ವಾರ್ನಿಂಗ್ ಸ್ಥಿತಿಗೆ ಮಾತ್ರ ಮೀಸಲಿಟ್ಟಿದ್ದೇನೆ. ಅಲರ್ಟ್ ಅಲರ್ಟಾಗಿಯೇ ಉಳಿದಿದೆ, ನೋಟಿಫಿಕೇಶನ್ ‘ಸಂದೇಶ’ವಾಗಿದೆ. ಹೀಗಾಗಿ ಮೊದಲಿನ ವಾಕ್ಯವು ‘ಎಚ್ಚರಿಕೆ ಹಂತದ ಅಲರ್ಟ್ ಆದರೆ ಅರ್ಧ ಗಂಟೆ ಗಮನಿಸಿರಿ, ಗಂಭೀರ ಹಂತದ್ದಾದರೆ ಕೂಡಲೇ ಕರೆ ಮಾಡಿರಿ’ ಎಂದು ಬದಲಾಗಿದೆ. ಅನ್‌ನೋನ್ ಸ್ಥಿತಿಗೆ ‘ಅಜ್ಞಾತ’ ಎಂದಿದ್ದದ್ದನ್ನು ‘ಸ್ಥಿತಿ ತಿಳಿಯುತ್ತಿಲ್ಲ’ ಎಂದು ತಿದ್ದಿದ್ದೇನೆ; ಪರೀಕ್ಷೆಯೇ ನಡೆಯದೆ ಹೋದಾಗಲೂ ನಾಗಿಯೋಸ್ ಈ ಸ್ಥಿತಿಯನ್ನು ತೋರಿಸುವುದರಿಂದ, ಸರ್ವರ್ ಚೆನ್ನಾಗಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ಇಲ್ಲಿ ಭಾವಿಸುವಂತಿಲ್ಲ.

ಅಕ್ನಾಲೆಜ್ ಬಗ್ಗೆ ಯಾರೂ ಬರೆಯಲಿಲ್ಲ. ಕಚೇರಿಯ ರೂಢಿಯಂತೆ ‘ಸ್ವೀಕೃತಿ’ ಎಂದು ಹಾಕಬಹುದಿತ್ತು. ಆದರೆ ಟಪಾಲು ವಿಭಾಗದಲ್ಲಿ ಅರ್ಜಿಗೆ ಸ್ವೀಕೃತಿ ಕೊಟ್ಟವರು ಅರ್ಜಿಯ ಕೆಲಸ ಮಾಡಬೇಕಾಗಿಲ್ಲ. ನಾಗಿಯೋಸ್‌ನಲ್ಲಿ ಒಬ್ಬರು ಆ ಗುಂಡಿ ಒತ್ತಿದರೆ ಆ ತೊಂದರೆಯ ಮರುಸಂದೇಶಗಳು ಉಳಿದವರಿಗೂ ನಿಂತುಹೋಗುತ್ತವೆ. ಅಂದರೆ ಒತ್ತಿದವರು ಹೊಣೆ ಹೊತ್ತಂತೆ. ಆದ್ದರಿಂದ ‘ನಾನು ನೋಡಿಕೊಳ್ಳುತ್ತೇನೆ’ ಎಂದು ಇಡೀ ವಾಕ್ಯವನ್ನೇ ಫಲಕದಲ್ಲಿ ಬರೆದಿದ್ದೇನೆ.

ಒಂದು ಪದ ಮಾತ್ರ ಬಾಕಿ ಇದೆ. ಸೇವೆಯೊಂದು ಸರಿ, ಕೆಟ್ಟಿದೆ, ಸರಿ, ಕೆಟ್ಟಿದೆ ಎಂದು ಪದೇ ಪದೇ ಬದಲಾಗುತ್ತಿದ್ದರೆ ನಾಗಿಯೋಸ್ ಅದನ್ನು ‘ಫ್ಲ್ಯಾಪಿಂಗ್’ ಎಂದು ಗುರುತಿಸಿ ಸಂದೇಶಗಳನ್ನು ನಿಲ್ಲಿಸುತ್ತದೆ. ಇದಕ್ಕಾಗಿ ಕಳೆದ 21 ಪರೀಕ್ಷೆಗಳ ಫಲಿತಾಂಶವನ್ನು ನೋಡುತ್ತದೆ. ‘ಓಲಾಟ’ ಆದೀತೆ?

— ಅನುವಾದಕಿ, ಹುಬ್ಬಳ್ಳಿ

•

ಆಗದು. ಓಲಾಟದಲ್ಲಿ ಲಯವಿದೆ, ಸುಖವಿದೆ. ಉಯ್ಯಾಲೆಗೂ ತೆನೆಗೂ ಅದು ಸಲ್ಲುತ್ತದೆ. ನೀವು ವರ್ಣಿಸುತ್ತಿರುವುದು ‘ಹೊಯ್ದಾಟ’. ಮನಸ್ಸಿನ ಹೊಯ್ದಾಟವೆಂದು ದಿನವೂ ಹೇಳುತ್ತೇವೆ, ಯಾವ ಕಡೆಗೂ ನಿಲ್ಲದಿರುವುದೆಂಬ ಅರ್ಥವೂ ಅದರಲ್ಲಿ ಸಲ್ಲುತ್ತದೆ. ಫಲಕದಲ್ಲಿ ‘ಸ್ಥಿತಿ ಹೊಯ್ದಾಡುತ್ತಿದೆ’ ಎಂದು ಬರೆಯಿರಿ, ಅದರ ಕೆಳಗೆ ಸಂದೇಶ ಬಾರದಿದ್ದರೂ ತೊಂದರೆ ಮುಗಿದಿಲ್ಲವೆಂದು ಸಣ್ಣ ಅಕ್ಷರದಲ್ಲಿ ಸೇರಿಸಿರಿ.

ಫಲಕದ ತಲೆಬರಹದಲ್ಲಿ ‘ಅಲರ್ಟ್’ ಎಂದು ದಪ್ಪಕ್ಷರದಲ್ಲಿ ಹಾಕುವುದಾದರೆ, ಸಲಹೆ ಕೊಟ್ಟವರ ಪಟ್ಟಿಯಿಂದ ನನ್ನ ಹೆಸರನ್ನು ಕೈಬಿಡಬೇಕು.

— ನಿವೃತ್ತ ಅಧ್ಯಾಪಕ, ಮೈಸೂರು