ಕೈ-1 ಓರಿಯಾನಿಸ್‌ನ ಜೊತೆಗಾರ ಸಣ್ಣ ಟೆಲಿಸ್ಕೋಪಿಗೆ ಸಿಗುತ್ತಾನಾ?

ಅಡಕೆ_ಅಂಗಳ (ಬದಿಯಡ್ಕ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 70 ಮಿಲಿಮೀಟರಿನ ಒಂದು ಟೆಲಿಸ್ಕೋಪ್ ಇದೆ. ಚಂದ್ರ, ಶನಿಯ ಬಳೆ, ಗುರುವಿನ ನಾಲ್ಕು ಉಪಗ್ರಹ ಎಲ್ಲ ನೋಡಿ ಆಯ್ತು, ಈಗ ನಕ್ಷತ್ರಗಳ ಹುಚ್ಚು ಹಿಡಿದಿದೆ. ಮಹಾವ್ಯಾಧದಲ್ಲಿ ಕೈ-1 ಓರಿಯಾನಿಸ್ ಅಂತ ಒಂದು ನಕ್ಷತ್ರ, ಬರೀ 28 ಜ್ಯೋತಿರ್ವರ್ಷ ದೂರ, ಹೆಚ್ಚುಕಮ್ಮಿ ನಮ್ಮ ಸೂರ್ಯನ ಹಾಗೆಯೇ, ಅದಕ್ಕೊಬ್ಬ ತೀರಾ ಮಂದ ಬೆಳಕಿನ ಜೊತೆಗಾರ ಇದ್ದಾನೆ ಅಂತ ಓದಿದೆ. ಅವನು ನನ್ನ ಟೆಲಿಸ್ಕೋಪಿಗೆ ಸಿಗುತ್ತಾನಾ? ಸಿಗದಿದ್ದರೆ, ಅಲ್ಲಿ ಒಬ್ಬ ಇದ್ದಾನೆ ಅಂತ ಗೊತ್ತಾದದ್ದಾದರೂ ಹೇಗೆ? ನಮ್ಮದು ತೋಟದ ನಡುವಿನ ಮನೆ, ಸುತ್ತ ಅಡಕೆ ಮರ, ಆಕಾಶ ಕಾಣುವುದು ಅಂಗಳದ ನೆತ್ತಿಯಲ್ಲಿ ಮಾತ್ರ.

ನಿವೃತ್ತ_ಮಾಷ್ಟ್ರು (ನೀರ್ಚಾಲು):
ಸಿಗುವುದಿಲ್ಲ ಮಾರಾಯಾ. ಎರಡರ ನಡುವಿನ ದೂರ ಸರಾಸರಿ 6 ಖಗೋಳಮಾನ (ಭೂಮಿಯಿಂದ ಸೂರ್ಯನಿಗಿರುವ ದೂರ ಒಂದು ಖಗೋಳಮಾನ), ಅಂದರೆ ಸೂರ್ಯನಿಂದ ಗುರುಗ್ರಹಕ್ಕಿರುವುದಕ್ಕಿಂತ ಸ್ವಲ್ಪ ಜಾಸ್ತಿ. 28 ಜ್ಯೋತಿರ್ವರ್ಷದಿಂದ ನೋಡಿದರೆ ಅದು ಒಂದು ಆರ್ಕ್‌ಸೆಕೆಂಡಿಗೂ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಕಡಿಮೆ. 70 ಮಿಮೀ ಟೆಲಿಸ್ಕೋಪಿಗೆ ಸರಿಸಮ ಬೆಳಕಿನ ಎರಡು ನಕ್ಷತ್ರಗಳನ್ನೇ ಅಷ್ಟು ಹತ್ತಿರದಲ್ಲಿ ಬಿಡಿಸಿ ತೋರಿಸಲು ಆಗುವುದಿಲ್ಲ, ಇಲ್ಲಿ ಒಂದು ಇನ್ನೊಂದಕ್ಕಿಂತ ಸಾವಿರಾರು ಪಾಲು ಮಂದ. ಆಸೆ ಬಿಡು.

ಎರಡನೇ ಪ್ರಶ್ನೆ ಒಳ್ಳೆಯದು. ಜೊತೆಗಾರನನ್ನು ಮೊದಲು ಯಾರೂ ನೋಡಲಿಲ್ಲ, ದೊಡ್ಡವನ ನಡಿಗೆ ನೋಡಿಯೇ ಹಿಡಿದರು. ಅಂಗಳದಲ್ಲಿ ಅಪ್ಪ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವಾಗ ಅಪ್ಪನೂ ಹಿಂದಕ್ಕೆ ವಾಲಿ ಸಣ್ಣ ಸುತ್ತು ಹಾಕುತ್ತಾನಲ್ವಾ, ಅಷ್ಟೇ ಸಂಗತಿ. ಇಲ್ಲಿ ದೊಡ್ಡವನ ತೂಕ ಸೂರ್ಯನಷ್ಟು, ಸಣ್ಣವನದು ಸೂರ್ಯನ 0.15 ಪಾಲು. ಹಾಗಾಗಿ ದೊಡ್ಡವನೂ 14 ವರ್ಷಕ್ಕೊಮ್ಮೆ ಸಣ್ಣದೊಂದು ಸುತ್ತು ಬರುತ್ತಾನೆ. ದಶಕಗಳ ಕಾಲ ತೆಗೆದ ಫೋಟೋಗಳನ್ನು ಜೋಡಿಸಿ ಅಳೆದಾಗ, ನಕ್ಷತ್ರ ನೇರ ದಾರಿಯಲ್ಲಿ ಹೋಗದೆ ಅಲೆಯಲೆಯಾಗಿ ಹೋಗುವುದು ಗೊತ್ತಾಯಿತು. ಬೆಳಕನ್ನು ಬಣ್ಣವಾಗಿ ಬಿಡಿಸಿ ನೋಡಿದರೆ ಅದರಲ್ಲಿರುವ ಗೆರೆಗಳು ಕೂಡ ಅದೇ 14 ವರ್ಷದ ಲೆಕ್ಕದಲ್ಲಿ ಆಚೆ ಈಚೆ ಸರಿಯುತ್ತವೆ. ಲುಬ್ಧಕದ್ದೂ ಇದೇ ಕತೆ. 1844ರಲ್ಲಿ ಬೆಸೆಲ್ ಎಂಬ ಖಗೋಳಜ್ಞ ಅದರ ಓಲಾಟ ನೋಡಿ ಪಕ್ಕದಲ್ಲಿ ಯಾರೋ ಇದ್ದಾರೆ ಅಂದ, ಕಣ್ಣಿಗೆ ಬಿದ್ದದ್ದು 1862ರಲ್ಲಿ.

ಕೈ-1ರ ಜೊತೆಗಾರನ ಚಿತ್ರ ಸಿಕ್ಕಿದ್ದು 2002ರ ಹೊತ್ತಿಗೆ, ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ. ಅದರ ಕನ್ನಡಿ 10 ಮೀಟರು ಅಗಲ, ಗಾಳಿಯ ನಡುಕವನ್ನು ಆಗಿಂದಾಗ ಸರಿಮಾಡುವ ವ್ಯವಸ್ಥೆ ಬೇರೆ. ಅವಗೆಂಪು ಬೆಳಕಿನಲ್ಲಿ ನೋಡಿದ್ದರಿಂದ ಕೆಲಸ ಸ್ವಲ್ಪ ಸುಲಭವಾಯಿತು, ಯಾಕಂದರೆ ತಣ್ಣಗಿನ ನಕ್ಷತ್ರದ ಬೆಳಕು ಹೆಚ್ಚಿಗೆ ಇರುವುದೇ ಅಲ್ಲಿ.

ಅಡಕೆ_ಅಂಗಳ:
ಧನ್ಯವಾದ ಮಾಷ್ಟ್ರೇ. 0.15 ಪಾಲು ಅಂದರೆ ಅದು ನಕ್ಷತ್ರವೇ, ಅಥವಾ ದೊಡ್ಡ ಗ್ರಹವಾ?

ಗಡಿಯಾಚೆಯವಳು (ಹೊಸೂರು):
ಗ್ರಹ ಅಲ್ಲ, ಪಕ್ಕಾ ನಕ್ಷತ್ರ. ಸೂರ್ಯನ 0.08 ಪಾಲಿಗಿಂತ ಕೆಳಗಿದ್ದರೆ ಒಳಗೆ ಹೈಡ್ರೋಜನ್ ಉರಿ ನಿಲ್ಲುವುದಿಲ್ಲ, ಅಂಥವನ್ನು ಕಂದು ಕುಬ್ಜ ಅನ್ನುತ್ತಾರೆ. ಇದು ಅದರ ಹತ್ತಿರ ಹತ್ತಿರ ಎರಡು ಪಟ್ಟು. ಗುರುಗ್ರಹದ ತೂಕದ 150 ಪಟ್ಟಿಗೂ ಜಾಸ್ತಿ. ಕೆಂಪು ಕುಬ್ಜ, ಅಂದರೆ ಸಣ್ಣ, ತಣ್ಣಗಿನ ನಕ್ಷತ್ರ. ಮಂದ ಅಂತ ಕಡೆಗಣಿಸಬೇಡಿ ಅಣ್ಣ, ದೊಡ್ಡವನು ಸುಮಾರು 1000 ಕೋಟಿ ವರ್ಷದಲ್ಲಿ ಮುಗಿಯುತ್ತಾನೆ, ಇವನು ಲಕ್ಷ ಕೋಟಿ ವರ್ಷ ದಾಟಿಯೂ ಉರಿಯುತ್ತಲೇ ಇರುತ್ತಾನೆ.

ನನಗೆ ಇಷ್ಟವಾದದ್ದು ಬೇರೆ. ಇಂಥದ್ದೇ ಒಂದು ನಕ್ಷತ್ರ ನಮ್ಮ ಸೂರ್ಯನಿಂದ 6 ಖಗೋಳಮಾನ ದೂರದಲ್ಲಿ ಇದ್ದಿದ್ದರೆ ಇಲ್ಲಿ ಹೇಗೆ ಕಾಣುತ್ತಿತ್ತು ಅಂತ ಕೂತು ಲೆಕ್ಕ ಹಾಕಿದೆ. ಬೆಳಕು ಹುಣ್ಣಿಮೆ ಚಂದ್ರನಷ್ಟು, ಅಥವಾ ಒಂದೆರಡು ಪಟ್ಟು ಜಾಸ್ತಿ, ಆದರೆ ಎಲ್ಲವೂ ಒಂದೇ ಕೆಂಪುಕಿತ್ತಳೆ ಚುಕ್ಕೆಯಲ್ಲಿ! ಹಗಲಲ್ಲೂ ಕಾಣಬೇಕು. ವರ್ಷದಲ್ಲಿ ಅರ್ಧ ಕಾಲ ರಾತ್ರಿ ಸರಿಯಾದ ಕತ್ತಲೆಯೇ ಆಗುತ್ತಿರಲಿಲ್ಲ, ಆಮೇಲೆ ನಾವೆಲ್ಲ ಯಾವ ನಕ್ಷತ್ರ ನೋಡುವುದು? ಗುರುಗ್ರಹ ಇರುವ ಜಾಗದಲ್ಲಂತೂ ಯಾವ ಗ್ರಹವೂ ಉಳಿಯುವುದಿಲ್ಲ. ಕೈ-1 ಜೋಡಿಯ ಕಕ್ಷೆ ಚೆನ್ನಾಗಿಯೇ ಉದ್ದುದ್ದ, ಹತ್ತಿರ ಬಂದಾಗ ದೂರ 3 ಖಗೋಳಮಾನಕ್ಕೆ ಸ್ವಲ್ಪ ಮೇಲಷ್ಟೇ. ಭೂಮಿಯಷ್ಟು ದೂರದಲ್ಲಿ ಗ್ರಹ ಇದ್ದರೆ ಅದರ ಸ್ಥಿತಿಯೂ ಕಷ್ಟವೇ.

ಇನ್ನೊಂದು ಮಾತು, ಸೂರ್ಯನ ಹಾಗೆ ಅಂದರೂ ಇದು ಎಳೆಯ ಸೂರ್ಯ. ಸಪ್ತರ್ಷಿ ಮಂಡಲದ ನಡುವಿನ ಐದು ನಕ್ಷತ್ರಗಳ ಜೊತೆ ಒಂದೇ ದಿಕ್ಕಿಗೆ ಸಾಗುವ ಗುಂಪಿಗೆ ಸೇರಿದ್ದು. ವಯಸ್ಸು 30ರಿಂದ 50 ಕೋಟಿ ವರ್ಷ, ನಮ್ಮ ಸೂರ್ಯನದು 460 ಕೋಟಿ.

ಪೊಸಡಿ_ಗುಂಪೆ (ಪೈವಳಿಕೆ):
ಲೆಕ್ಕ ಎಲ್ಲ ಸರಿ, ನೋಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಿಮ್ಮ ಅಂಗಳಕ್ಕೆ ಕೈ-1 ಹೇಳಿ ಮಾಡಿಸಿದ ಹಾಗಿದೆ, ನಮ್ಮೂರಲ್ಲಿ ಅದು ನೆತ್ತಿಯಿಂದ ತುಸು ಉತ್ತರಕ್ಕೆ ಹಾದು ಹೋಗುತ್ತದೆ. ಜನವರಿ ಕೊನೆಗೆ, ರಾತ್ರಿ ಹತ್ತರ ಸುಮಾರಿಗೆ ಚಾಪೆ ಹಾಸಿ ಮಲಗಿ. ಮಹಾವ್ಯಾಧದ ಕೆಂಪು ನಕ್ಷತ್ರ ಆರ್ದ್ರೆಯಿಂದ ನೇರ ಉತ್ತರಕ್ಕೆ, ಕೈ ಚಾಚಿ ಹಿಡಿದ ಒಂದು ಮುಷ್ಟಿ ದಾಟಿ ಸ್ವಲ್ಪ ಮುಂದೆ, ಎರಡು ಮಂಕು ನಕ್ಷತ್ರ ಅಕ್ಕಪಕ್ಕ ಕಾಣುತ್ತವೆ. ಪಶ್ಚಿಮದ್ದು ಕೈ-1, ಪೂರ್ವದ್ದು ಕೈ-2. ಬೆಳಕು ಹೆಚ್ಚುಕಮ್ಮಿ ಒಂದೇ. ಆದರೆ ಕೈ-2 ಇರುವುದು ಸಾವಿರಾರು ಜ್ಯೋತಿರ್ವರ್ಷ ಆಚೆ, ಅದೊಂದು ದೈತ್ಯ. ಟೆಲಿಸ್ಕೋಪೇ ಬೇಡ, ಬೈನಾಕ್ಯುಲರ್ ಸಾಕು.

ಜೋಡಿಯನ್ನು ಕಣ್ಣಾರೆ ನೋಡಲೇಬೇಕು ಅಂತಿದ್ದರೆ ಈಟಾ ಕ್ಯಾಸಿಯೋಪಿಯೇ ಹಿಡಿಯಿರಿ. 19 ಜ್ಯೋತಿರ್ವರ್ಷ, ದೊಡ್ಡದು ಸೂರ್ಯನ ಥರ, ಸಣ್ಣದು ಸುಮಾರು 13 ಆರ್ಕ್‌ಸೆಕೆಂಡ್ ದೂರ, ನಿಮ್ಮ 70 ಮಿಮೀಗೆ ಆರಾಮ. ವಿಲಿಯಂ ಹರ್ಷೆಲ್ 1779ರಲ್ಲಿ ಗುರುತಿಸಿದ ಜೋಡಿ ಇದು, ಒಂದು ಸುತ್ತಿಗೆ 480 ವರ್ಷದ ಆಸುಪಾಸು, ಹರ್ಷೆಲ್ ನೋಡಿದ ಮೇಲೆ ಇನ್ನೂ ಒಂದು ಸುತ್ತು ಮುಗಿದಿಲ್ಲ. ದೊಡ್ಡದು ಹಳದಿ, ಸಣ್ಣದು ಕೆಂಪುಕೆಂಪು. ನೂರು ಪಟ್ಟಿನ ಹತ್ತಿರ ದೊಡ್ಡದು ಮಾಡಿ ನೋಡಿ. ಡಿಸೆಂಬರಿನಲ್ಲಿ ರಾತ್ರಿ ಎಂಟಕ್ಕೆ ಉತ್ತರ ದಿಕ್ಕಿನಲ್ಲಿ, ಅರ್ಧ ಆಕಾಶದಷ್ಟು ಎತ್ತರದಲ್ಲಿ ಇರುತ್ತದೆ. ಅಡಕೆ ಮರ ಅಡ್ಡ ಬಂದರೆ ಗುಡ್ಡೆಗೆ ಬನ್ನಿ. ಪಡುವಣ ಕಡೆ ಹೆದ್ದಾರಿ ದೀಪ ಉಂಟು, ಉತ್ತರ ಪರವಾಗಿಲ್ಲ.

ಅಡಕೆ_ಅಂಗಳ:
ಬರುತ್ತೇನೆ ಅಣ್ಣ. ಟ್ರೈಪಾಡ್ ಸ್ವಲ್ಪ ಅಲ್ಲಾಡುತ್ತದೆ, ನೂರು ಪಟ್ಟಿಗೆ ನಿಲ್ಲುತ್ತಾ?

ಪೊಸಡಿ_ಗುಂಪೆ:
ನಡುವಿನ ಕೊಕ್ಕೆಗೆ ಒಂದು ಚೀಲದಲ್ಲಿ ನಾಲ್ಕು ತೆಂಗಿನಕಾಯಿ ಹಾಕಿ ನೇತುಹಾಕಿ, ನಿಲ್ಲುತ್ತದೆ.