ಸೂರ್ಯನ ಹೈಡ್ರೋಜನ್ ಒಂದೇ ಸಲಕ್ಕೆ ಯಾಕೆ ಉರಿದುಹೋಗಲ್ಲ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ): ನಮಸ್ಕಾರ ಮೇಡಂ. ಸೂರ್ಯನಲ್ಲಿ ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆಗುತ್ತದೆ ಎಂದು ಓದಿದ್ದೇನೆ. ಹೈಡ್ರೋಜನ್ ಬಾಂಬಿನಲ್ಲೂ ಹೀಗೆ ಪರಮಾಣು ಬೀಜಗಳು ಕೂಡುವ ಬೈಜಿಕ ಸಮ್ಮಿಲನವೇ ಅಲ್ವಾ? ಬಾಂಬ್ ಕ್ಷಣದಲ್ಲಿ ಸಿಡಿಯುತ್ತದೆ. ಸೂರ್ಯ 460 ಕೋಟಿ ವರ್ಷಗಳಿಂದ ಉರಿಯುತ್ತಲೇ ಇದ್ದಾನೆ. ಇದಕ್ಕೆ ದುರ್ಬಲ ಬಲ ಕಾರಣ ಎಂದು ನಮ್ಮ ಲೆಕ್ಚರರ್ ಹೇಳಿದರು. ಹೇಗೆ ಅಂತ ಅರ್ಥ ಆಗಲಿಲ್ಲ.

ಉತ್ತರ (ಖಗೋಳ ಭೌತವಿಜ್ಞಾನ ಅಧ್ಯಾಪಕಿ): ತುಂಬಾ ಒಳ್ಳೆಯ ಪ್ರಶ್ನೆ ಕಣಮ್ಮ. ಮೊದಲು "ನಾಲ್ಕು ಸೇರಿ ಒಂದು" ಎಂಬ ಮಾತನ್ನು ಪಕ್ಕಕ್ಕಿಡು. ಅದು ಕೊನೆಯ ಲೆಕ್ಕ ಅಷ್ಟೆ. ನಾಲ್ಕು ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ ಬೀಜಗಳು, ಒಟ್ಟಿಗೆ ಬಂದು ಡಿಕ್ಕಿ ಹೊಡೆಯುವುದಿಲ್ಲ. ಎಲ್ಲ ಶುರುವಾಗುವುದು ಎರಡು ಪ್ರೋಟಾನ್‌ಗಳಿಂದ. ನಿನ್ನ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಸೂರ್ಯನ ನಡುವಿನಲ್ಲಿ ಸುಮಾರು 1.5 ಕೋಟಿ ಡಿಗ್ರಿ ಬಿಸಿ ಇದೆ. ಇಷ್ಟಿದ್ದರೂ ಎರಡು ಪ್ರೋಟಾನ್‌ಗಳ ವಿದ್ಯುತ್ ವಿಕರ್ಷಣೆಯನ್ನು ನೇರವಾಗಿ ಮೀರಲು ಇದು ಸಾಲದು. ಅವು ಕ್ವಾಂಟಂ ಸುರಂಗದ ಮೂಲಕ, ಅಂದರೆ ಹತ್ತಿ ದಾಟಲಾಗದ ತಡೆಯನ್ನು ತೂರಿಕೊಂಡು, ಅಪರೂಪಕ್ಕೆ ಒಂದನ್ನೊಂದು ತಲುಪುತ್ತವೆ. ಈ ಸುರಂಗದ ದಾರಿಯನ್ನು 1928ರಲ್ಲಿ ಜಾರ್ಜ್ ಗ್ಯಾಮೊ ಪರಮಾಣು ಬೀಜಗಳ ವಿಚಾರದಲ್ಲಿ ತೋರಿಸಿದರು. ಮರುವರ್ಷವೇ ಅಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಅದನ್ನು ನಕ್ಷತ್ರಗಳಿಗೆ ಅನ್ವಯಿಸಿದರು.

ಆದರೆ ತಲುಪಿದರೆ ಸಾಕಾಗಲ್ಲ. ಬರೀ ಎರಡು ಪ್ರೋಟಾನ್‌ಗಳು ಅಂಟಿಕೊಂಡು ನಿಲ್ಲುವ ಬೀಜವೇ ಪ್ರಕೃತಿಯಲ್ಲಿ ಇಲ್ಲ. ಬೀಜದ ಕಣಗಳನ್ನು ಹಿಡಿದಿಡುವ ಪ್ರಬಲ ಬಲದ ಹಿಡಿತ ಅಲ್ಲಿ ಸ್ವಲ್ಪದರಲ್ಲೇ ಸಾಲದೆ ಹೋಗುತ್ತದೆ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಸಲವೂ ಅವು ಮತ್ತೆ ದೂರ ಹಾರುತ್ತವೆ. ಜೊತೆಯಾಗಿ ಉಳಿಯಬೇಕಾದರೆ, ಹತ್ತಿರ ಇರುವ ಆ ಅತಿ ಸಣ್ಣ ಅವಧಿಯಲ್ಲೇ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಬೇಕು. ಅಂದರೆ ಅದರೊಳಗಿನ ಕ್ವಾರ್ಕ್ ಎಂಬ ಮೂಲಕಣಗಳಲ್ಲಿ ಒಂದು ಅಪ್ ಕ್ವಾರ್ಕ್ ಡೌನ್ ಕ್ವಾರ್ಕ್ ಆಗಬೇಕು. ಪ್ರಬಲ ಬಲಕ್ಕಾಗಲಿ ವಿದ್ಯುತ್ಕಾಂತ ಬಲಕ್ಕಾಗಲಿ ಇದು ಸಾಧ್ಯವಿಲ್ಲ. ದುರ್ಬಲ ಬಲಕ್ಕೆ ಮಾತ್ರ ಸಾಧ್ಯ. ಅದು ಕೆಲಸ ಮಾಡುವುದು ಡಬ್ಲ್ಯೂ ಬೋಸಾನ್ ಎಂಬ ಕಣದ ಮೂಲಕ. ಈ ಕಣ ಪ್ರೋಟಾನಿಗಿಂತ ಸುಮಾರು 85 ಪಟ್ಟು ಭಾರ. ಅದಕ್ಕೇ ಈ ಬದಲಾವಣೆ ಅಷ್ಟು ಅಪರೂಪ.

ಇನ್ನೊಂದು ತೊಡಕೂ ಇದೆ. ನ್ಯೂಟ್ರಾನ್ ಪ್ರೋಟಾನಿಗಿಂತ ತುಸು ಭಾರ. ಒಂಟಿ ಪ್ರೋಟಾನ್ ಸುಮ್ನೆ ನ್ಯೂಟ್ರಾನ್ ಆಗಲು ಆಗಲ್ಲ, ಶಕ್ತಿಯ ಲೆಕ್ಕ ಕೂಡಿಬರಲ್ಲ. ಇಲ್ಲಿ ಹುಟ್ಟುವ ನ್ಯೂಟ್ರಾನ್ ಪಕ್ಕದ ಪ್ರೋಟಾನಿಗೆ ಅಂಟಿ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಬೀಜ ಆಗುತ್ತದೆ. ಆ ಅಂಟುವಿಕೆಯಲ್ಲಿ 2.2 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್-ವೋಲ್ಟ್‌ನ ಅಳತೆ) ಶಕ್ತಿ ಬಿಡುಗಡೆಯಾಗಿ ಕೊರತೆಯನ್ನು ತುಂಬುತ್ತದೆ. ಜೊತೆಗೆ ಒಂದು ಪಾಸಿಟ್ರಾನ್ (ಧನ ವಿದ್ಯುದಂಶದ ಎಲೆಕ್ಟ್ರಾನ್), ಒಂದು ನ್ಯೂಟ್ರಿನೊ (ಯಾವುದಕ್ಕೂ ಸುಲಭವಾಗಿ ಸಿಗದ ಅತಿ ಹಗುರ ಕಣ) ಹೊರಬರುತ್ತವೆ.

ಈ ಮೊದಲ ಹೆಜ್ಜೆಗೆ ಒಂದು ಪ್ರೋಟಾನ್ ಸರಾಸರಿ ಸುಮಾರು 900 ಕೋಟಿ ವರ್ಷ ಕಾಯಬೇಕು! ಮುಂದಿನದಕ್ಕೆ ಕೆಲವೇ ಸೆಕೆಂಡು. ಡ್ಯೂಟೀರಿಯಂ ಇನ್ನೊಂದು ಪ್ರೋಟಾನ್ ಸೇರಿಸಿಕೊಂಡು ಹೀಲಿಯಂ-3 ಆಗುತ್ತದೆ, ಅಂಥ ಎರಡು ಸೇರಿ ಹೀಲಿಯಂ-4. ಮೊದಲ ಹೆಜ್ಜೆ ಎಷ್ಟು ಅಪರೂಪ ಎಂದರೆ, ಸೂರ್ಯನಲ್ಲಿರುವಂಥ ಶಕ್ತಿಯಲ್ಲಿ ಅದರ ವೇಗವನ್ನು ಇವತ್ತಿಗೂ ಪ್ರಯೋಗಾಲಯದಲ್ಲಿ ಅಳೆದಿಲ್ಲ. ಸಿದ್ಧಾಂತದಿಂದಲೇ ಲೆಕ್ಕ ಹಾಕುತ್ತೇವೆ.

ಬಾಂಬಿನಲ್ಲಿ ಬಳಸುವುದು ಡ್ಯೂಟೀರಿಯಂ ಮತ್ತು ಇನ್ನೂ ಭಾರದ ಹೈಡ್ರೋಜನ್ ಆದ ಟ್ರಿಟಿಯಂ. ಅವುಗಳಲ್ಲಿ ನ್ಯೂಟ್ರಾನ್ ಮೊದಲೇ ಇದೆ, ದುರ್ಬಲ ಬಲಕ್ಕೆ ಕಾಯಬೇಕಾಗಿಲ್ಲ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಸಮ್ಮಿಲನ ರಿಯಾಕ್ಟರಿಗೂ ಇದೇ ಇಂಧನ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): 900 ಕೋಟಿ ವರ್ಷ ಕಾಯಬೇಕಾದರೆ ಇಷ್ಟೊಂದು ಬೆಳಕು ಎಲ್ಲಿಂದ ಬರುತ್ತದೆ ಮೇಡಂ?

ಉತ್ತರ: ಪ್ರೋಟಾನ್‌ಗಳು ಅಷ್ಟೊಂದು ಇವೆ, ಅದಕ್ಕೆ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ. ಅದರಲ್ಲಿ 40 ಲಕ್ಷ ಟನ್‌ಗಿಂತ ಸ್ವಲ್ಪ ಜಾಸ್ತಿ ದ್ರವ್ಯರಾಶಿ ಶಕ್ತಿಯಾಗುತ್ತದೆ. ಆದರೂ ಸೂರ್ಯನ ನಟ್ಟನಡುವಿನ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವುದು 300 ವ್ಯಾಟ್‌ಗಿಂತ ಕಡಿಮೆ. ನಾಲ್ಕು ಸೀಲಿಂಗ್ ಫ್ಯಾನ್ ತಿರುಗಿಸಬಹುದು ಅಷ್ಟೆ.

ಇನ್ನೊಬ್ಬ ಸದಸ್ಯರು: ದುರ್ಬಲ ಬಲ ಸ್ವಲ್ಪ ಬಲವಾಗಿದ್ದರೂ ಸೂರ್ಯ ಸಿಡಿದುಹೋಗುತ್ತಿದ್ದ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ?

ಉತ್ತರ: ಇಲ್ಲ ಸರ್. ಈ ಮಾತು ತುಂಬಾ ಹರಡಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸೂರ್ಯನೊಳಗೆ ಸಮ್ಮಿಲನ ಜಾಸ್ತಿಯಾದರೆ ಒಳಭಾಗ ಹಿಗ್ಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ, ಸಮ್ಮಿಲನ ತಾನಾಗಿ ಕಡಿಮೆಯಾಗುತ್ತದೆ. ದುರ್ಬಲ ಬಲ ಇನ್ನಷ್ಟು ಬಲವಾಗಿದ್ದಿದ್ದರೆ ಸೂರ್ಯ ಕಡಿಮೆ ಬಿಸಿಯಲ್ಲೇ ಇದೇ ಕೆಲಸ ಮಾಡುತ್ತಿದ್ದ. ಇದಕ್ಕೆ ಆಕಾಶದಲ್ಲೇ ಸಾಕ್ಷಿ ಇದೆ. ಆಗ ತಾನೇ ಹುಟ್ಟುತ್ತಿರುವ ನಕ್ಷತ್ರಗಳು ತಮ್ಮಲ್ಲಿರುವ ಅಲ್ಪಸ್ವಲ್ಪ ಡ್ಯೂಟೀರಿಯಂ ಅನ್ನು ಸುಮಾರು 10 ಲಕ್ಷ ಡಿಗ್ರಿಯಲ್ಲೇ ಉರಿಸುತ್ತವೆ. ಅಲ್ಲಿ ದುರ್ಬಲ ಬಲದ ತಡೆ ಇಲ್ಲ, ಆದರೂ ಅವು ಸಿಡಿಯುವುದಿಲ್ಲ. ಹಾಗಾಗಿ ಪ್ರೋಟಾನ್‌ಗಳು ಇಷ್ಟು ವರ್ಷ ಕಾದಿರುವಂತೆ ಮಾಡುವುದು ದುರ್ಬಲ ಬಲ ಹೌದು, ಆದರೆ ಉರಿಯನ್ನು ಹದದಲ್ಲಿ ಇಡುವುದು ಗುರುತ್ವ ಮತ್ತು ಒತ್ತಡದ ಸಮತೋಲನ. ಎರಡನ್ನೂ ಸೇರಿಸಿ ಹೇಳಬೇಕು.

ಕೋಲಾರದ ಸದಸ್ಯರು: ಮೇಡಂ, ನಮ್ಮ ಕೆಜಿಎಫ್ ಗಣಿಯಲ್ಲಿ ನ್ಯೂಟ್ರಿನೊ ಸಿಕ್ಕಿತ್ತು ಎಂದು ಹಿರಿಯರು ಹೇಳುತ್ತಾರೆ. ಅವು ಸೂರ್ಯನಿಂದ ಬಂದವೇ?

ಉತ್ತರ: ಸಿಕ್ಕಿದ್ದು ನಿಜ, ಹೆಮ್ಮೆಯ ವಿಷಯವೇ. 1965ರಲ್ಲಿ ಎರಡು ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿ ಮುಂಬೈನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ), ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಂನ ವಿಜ್ಞಾನಿಗಳು ಸೇರಿ ಅವನ್ನು ಗುರುತಿಸಿದರು. ಆದರೆ ಅವು ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳು, ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟಿದವು. ಸೂರ್ಯನ ನ್ಯೂಟ್ರಿನೊಗಳಿಗೆ ಶಕ್ತಿ ತುಂಬಾ ಕಡಿಮೆ, ಅವನ್ನು ಹಿಡಿಯಲು ಬೇರೆ ವಿಧಾನ ಬೇಕು.

ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ರೇ ಡೇವಿಸ್ 1960ರ ದಶಕದ ಕೊನೆಯಿಂದ ಅವನ್ನು ಹಿಡಿದರು. ಆದರೆ ಲೆಕ್ಕದ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು. ಲೆಕ್ಕ ತಪ್ಪೋ ಪ್ರಯೋಗ ತಪ್ಪೋ ಎಂಬ ಚರ್ಚೆ ಮೂರು ದಶಕ ನಡೆಯಿತು. ಎರಡೂ ಸರಿಯಾಗಿದ್ದವು! ಡೇವಿಸ್ ಉಪಕರಣ ಒಂದೇ ಬಗೆಯ ನ್ಯೂಟ್ರಿನೊ ಹಿಡಿಯುತ್ತಿತ್ತು; ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆ ಬದಲಿಸುತ್ತವೆ ಎಂದು ಕೆನಡಾದ ಸಡ್ಬರಿ ಪ್ರಯೋಗ 2001–02ರಲ್ಲಿ ತೋರಿಸಿತು.

ಮೇಲೆ ಹೇಳಿದ ಮೊದಲ ಹೆಜ್ಜೆಯಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಹುಟ್ಟಿದ ತಕ್ಷಣದ ಸುದ್ದಿಯಂತೆ ನೇರವಾಗಿ ಕಂಡಿದ್ದು ಇಟಲಿಯ ಬೊರೆಕ್ಸಿನೊ ಪ್ರಯೋಗ. ಅದರ ಫಲಿತಾಂಶ 2014ರಲ್ಲಿ ಬಂತು. ಬೆಳಕು ಸೂರ್ಯನ ಒಡಲಿನಿಂದ ಮೇಲ್ಮೈಗೆ ಬರಲು ಸಾವಿರಾರು ವರ್ಷ ಬೇಕು. ಈ ನ್ಯೂಟ್ರಿನೊಗಳು ಎಂಟು ನಿಮಿಷ ಚಿಲ್ಲರೆಯಲ್ಲಿ ಭೂಮಿಗೆ ಬರುತ್ತವೆ. ಒಳಗಿನ ಇಂದಿನ ಉರಿಗೂ ಇಂದಿನ ಬೆಳಕಿಗೂ ತಾಳೆ ನೋಡಿದರು, ಎರಡೂ ಹೊಂದಿದವು.