ಕಂಪ್ಯೂಟರ್‌ನಿಂದ ಹೋಂ ಥಿಯೇಟರ್‌ಗೆ ಚಿತ್ರ ಸರಿಯಾಗಿ ಬರ್ತಿಲ್ವಾ? ಪ್ರಶ್ನೋತ್ತರ

ಪ್ರಶ್ನೆ (ಮಡಿಕೇರಿ): ನಮಸ್ಕಾರ ಸರ್. ಕಂಪ್ಯೂಟರ್ ಮಹಡಿ ಮೇಲಿದೆ, ರಿಸೀವರ್ (ಚಿತ್ರವನ್ನು ಟಿವಿಗೂ ಸದ್ದನ್ನು ಸ್ಪೀಕರ್‌ಗಳಿಗೂ ಹಂಚುವ ಪೆಟ್ಟಿಗೆ) ಮತ್ತು 4ಕೆ ಟಿವಿ ಕೆಳಗೆ ಹಾಲ್‌ನಲ್ಲಿ. ಮನೆ ಕಟ್ಟುವಾಗಲೇ ಗೋಡೆಯೊಳಗಿನ ಪೈಪ್‌ನಲ್ಲಿ 12 ಮೀಟರ್ ಎಚ್‌ಡಿಎಂಐ ಕೇಬಲ್ ಎಳೆಸಿದ್ದೆವು. 1080ಪಿ (ಫುಲ್ ಎಚ್‌ಡಿ) ಇಟ್ಟರೆ ಚಿತ್ರ ಚೊಕ್ಕವಾಗಿದೆ. 4ಕೆ 60 ಹರ್ಟ್ಜ್ (ಸೆಕೆಂಡಿಗೆ 60 ಚಿತ್ರ) ಹಾಕಿದರೆ ಪರದೆ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತೆ, ಕತ್ತಲಿನ ದೃಶ್ಯದಲ್ಲಿ ಬಿಳಿ ಚುಕ್ಕಿಗಳು ಮಿಣುಕುತ್ತವೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಿ ಅಂತಿದ್ದಾರೆ. ಬದಲಿಸಲೇ?

ಉತ್ತರ: ಕಾರ್ಡಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ಆ ಬಿಳಿ ಚುಕ್ಕಿಗಳೇ ಸುಳಿವು. ದತ್ತಾಂಶ ದಾರಿಯಲ್ಲಿ ಅಲ್ಲಲ್ಲಿ ಕೆಟ್ಟಾಗ ಹಾಗೆ ಕಾಣುತ್ತೆ. ಇನ್ನಷ್ಟು ಕೆಟ್ಟರೆ ಟಿವಿ ಸಂಪರ್ಕವನ್ನೇ ಕೈಬಿಟ್ಟು ಮತ್ತೆ ಹಿಡಿಯುತ್ತೆ, ಅದೇ ಆ ಎರಡು ಮೂರು ಸೆಕೆಂಡಿನ ಕಪ್ಪು.

ಲೆಕ್ಕ ನೋಡಿ. 1080ಪಿ 60 ಹರ್ಟ್ಜ್‌ಗೆ ಕೇಬಲ್ ಮೇಲೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯುತ್ತೆ. 4ಕೆ 30ಕ್ಕೆ 8.9. 4ಕೆ 60ಕ್ಕೆ, ಪೂರ್ತಿ ಆರ್‌ಜಿಬಿ 8 ಬಿಟ್‌ನಲ್ಲಿ (ಪ್ರತಿ ಚುಕ್ಕಿಗೂ ಪೂರ್ತಿ ಬಣ್ಣದ ಮಾಹಿತಿ), 17.8. ತಾಮ್ರದ ಸಾದಾ ಕೇಬಲ್ 5 ಮೀಟರ್ ದಾಟಿದ ಮೇಲೆ ಈ ಕೊನೆಯ ಭಾರ ಹೊರೋದು ಕಷ್ಟ, 12 ಮೀಟರ್‌ನಲ್ಲಿ ನಂಬೋ ಹಾಗೇ ಇಲ್ಲ.

ಆದರೂ ಊಹೆ ಬೇಡ, ಒಂದೊಂದೇ ಕೊಂಡಿ ಬಿಡಿಸಿ ನೋಡಿ. ಕಂಪ್ಯೂಟರನ್ನೇ ಕೆಳಗೆ ತಂದು 2 ಮೀಟರ್ ಕೇಬಲ್‌ನಲ್ಲಿ ನೇರ ಟಿವಿಗೆ ಕೊಡಿ, 4ಕೆ 60ರಲ್ಲಿ ಅರ್ಧ ಗಂಟೆ ಓಡಿಸಿ. ಸರಿ ಇದ್ದರೆ ಕಾರ್ಡ್ ಮತ್ತು ಟಿವಿ ಎರಡೂ ಪಾಸ್. ಆಮೇಲೆ ಚಿಕ್ಕ ಕೇಬಲ್‌ಗಳಲ್ಲೇ ನಡುವೆ ರಿಸೀವರ್ ಸೇರಿಸಿ. ಅಲ್ಲೂ ಸರಿ ಇದ್ದರೆ ತಪ್ಪು ಗೋಡೆಯೊಳಗಿನ ಕೇಬಲ್‌ದೇ. ರಿಸೀವರ್ ಸೇರಿಸಿದ ಕೂಡಲೇ 60 ಹರ್ಟ್ಜ್ ಆಯ್ಕೆಯೇ ಮಾಯವಾಗಿ 30 ಮಾತ್ರ ಉಳಿದರೆ ಅದು ಬೇರೆ ಕಥೆ: ರಿಸೀವರ್ ಮೆನುವಿನಲ್ಲಿ ಆ ಪೋರ್ಟಿನ 4ಕೆ ಸಿಗ್ನಲ್ 'ಸ್ಟ್ಯಾಂಡರ್ಡ್'ನಲ್ಲಿರುತ್ತೆ, 'ಎನ್‌ಹಾನ್ಸ್ಡ್' ಮಾಡಿ. ಟಿವಿಯಲ್ಲೂ ಇದೇ ಸೆಟ್ಟಿಂಗ್ ಬೇರೆ ಹೆಸರಲ್ಲಿದೆ: ಎಲ್‌ಜಿಯಲ್ಲಿ 'ಡೀಪ್ ಕಲರ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್'. ಪೋರ್ಟಿಗೊಂದರಂತೆ ಪ್ರತ್ಯೇಕ ಆನ್ ಮಾಡಬೇಕು.

ಪ್ರಶ್ನೆ (ಮಡಿಕೇರಿ): ಎಲ್ಲಾ ಮಾಡಿ ನೋಡಿದೆ ಸರ್, ತಪ್ಪು ಗೋಡೆಯೊಳಗಿನ ಕೇಬಲ್‌ದೇ. ಗೋಡೆ ಒಡೆಯೋಕೆ ಮನಸ್ಸಿಲ್ಲ.

ಉತ್ತರ: ಒಡೆಯಬೇಡಿ. ಸಿನಿಮಾ ನೋಡೋದಕ್ಕಷ್ಟೇ ಆದರೆ ಇವತ್ತೇ ಆಗೋ ದಾರಿ ಇದೆ. ಗ್ರಾಫಿಕ್ಸ್ ಡ್ರೈವರ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಣ್ಣದ ಫಾರ್ಮ್ಯಾಟನ್ನು ಆರ್‌ಜಿಬಿ ಬದಲು 4:2:0ಗೆ (ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಬಣ್ಣದ ಮಾಹಿತಿ ಕಳಿಸೋ ವಿಧಾನ) ಇಡಿ. 60 ಹರ್ಟ್ಜ್ ಇದ್ದರೂ ಭಾರ ಅರ್ಧಕ್ಕೆ, ಅಂದರೆ 8.9ಕ್ಕೆ ಇಳಿಯುತ್ತೆ. ಸಿನಿಮಾ ಡಿಸ್ಕ್, ಸ್ಟ್ರೀಮಿಂಗ್ ಎಲ್ಲಾ ಮೂಲದಲ್ಲೇ 4:2:0, ಹಾಗಾಗಿ ಕಣ್ಣಿಗೆ ನಷ್ಟ ಗೊತ್ತಾಗಲ್ಲ. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಕಪ್ಪು ಹಿನ್ನೆಲೆ ಮೇಲಿನ ಕೆಂಪು ಅಕ್ಷರಗಳ ಅಂಚು ಶಾಯಿ ಹರಡಿದ ಹಾಗೆ ಮಸುಕಾಗುತ್ತೆ. ಎಕ್ಸೆಲ್ ಕೆಲಸಕ್ಕೆ ಇದು ಬೇಡ.

ಶಾಶ್ವತ ಪರಿಹಾರ ಆಪ್ಟಿಕಲ್ (ಫೈಬರ್ ಎಳೆಯಲ್ಲಿ ಬೆಳಕಾಗಿ ಸಿಗ್ನಲ್ ಒಯ್ಯೋ) ಎಚ್‌ಡಿಎಂಐ ಕೇಬಲ್, 15 ಮೀಟರ್ ತಗೊಳ್ಳಿ. ಹಳೆ ಕೇಬಲ್‌ನ ಒಂದು ತಲೆ ಕತ್ತರಿಸಿ, ಅದಕ್ಕೇ ಹೊಸದನ್ನೂ ಜೊತೆಗೊಂದು ನೈಲಾನ್ ಹಗ್ಗವನ್ನೂ ಕಟ್ಟಿ ಎಳೆಸಿ. ಹಗ್ಗ ಪೈಪ್‌ನಲ್ಲೇ ಉಳಿಯಲಿ, ಮುಂದೆ ಬೇಕಾಗುತ್ತೆ. ಎಚ್‌ಡಿಎಂಐ ತಲೆ 20 ಮಿ.ಮೀ.ಗಿಂತ ಅಗಲ, ಮುಕ್ಕಾಲು ಇಂಚಿನ ಪೈಪ್‌ನಲ್ಲಿ ತೂರಲ್ಲ, ಅದಕ್ಕೆ ತಲೆ ಬಿಚ್ಚಿ ಹಾಕೋ ಮಾದರಿಯನ್ನೇ ಕೇಳಿ. ಈ ಕೇಬಲ್‌ಗೆ ದಿಕ್ಕಿದೆ: 'ಸೋರ್ಸ್' ಅಂತ ಬರೆದ ತುದಿ ಕಂಪ್ಯೂಟರ್‌ಗೆ, 'ಡಿಸ್ಪ್ಲೇ' ತುದಿ ರಿಸೀವರ್‌ಗೆ. ಎಳೆಯೋ ಮುಂಚೆ ನೆಲದ ಮೇಲೆ ಹಾಸಿ ಪರೀಕ್ಷೆ ಮಾಡಿ. ದಿಕ್ಕು ತಿರುವುಮುರುವಾಗಿ ಎಳೆದರೆ ಮತ್ತೆ ಪೂರ್ತಿ ಹೊರಗೆ ತೆಗೀಬೇಕು, ಚೂಪಾಗಿ ಮಡಚಿದರೆ ಒಳಗಿನ ಫೈಬರ್ ಮುರಿಯುತ್ತೆ.

ಪ್ರಶ್ನೆ (ನಾಪೋಕ್ಲು): ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತೆ. ಕಂಪ್ಯೂಟರ್ ಯುಪಿಎಸ್ ಮೇಲಿದೆ, ಟಿವಿ ಮತ್ತು ರಿಸೀವರ್ ಇಲ್ಲ. ಪ್ರತಿ ಸಲ ಕರೆಂಟ್ ಬಂದ ಮೇಲೆ 'ನೋ ಸಿಗ್ನಲ್'.

ಉತ್ತರ: ಕಂಪ್ಯೂಟರ್ ಚಿತ್ರ ಕಳಿಸೋ ಮುಂಚೆ 'ನೀನು ಯಾವ ರೆಸಲ್ಯೂಷನ್ ತೋರಿಸ್ತೀಯ' ಅಂತ ಟಿವಿಯನ್ನು ಕೇಳುತ್ತೆ. ಆ ಉತ್ತರದ ಹೆಸರು ಇಡಿಐಡಿ, ಅದು ರಿಸೀವರ್ ಮೂಲಕ ಬರಬೇಕು. ಕರೆಂಟ್ ಬಂದಾಗ ಟಿವಿ, ರಿಸೀವರ್ ಪೂರ್ತಿ ಏಳೋ ಮುಂಚೆಯೇ ಕಂಪ್ಯೂಟರ್ ಕೇಳಿ, ಸರಿಯಾದ ಉತ್ತರ ಸಿಗದೆ ಸುಮ್ಮನಾಗಿರುತ್ತೆ. ಕ್ರಮ ಇಷ್ಟೇ: ಮೊದಲು ಟಿವಿ, ಆಮೇಲೆ ರಿಸೀವರ್, ಇನ್‌ಪುಟ್ ಆರಿಸಿ, ಕೊನೆಗೆ ಕಂಪ್ಯೂಟರ್ ಎಬ್ಬಿಸಿ. ಆಗಲೂ ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ, ಡಿಸ್ಪ್ಲೇ ಡ್ರೈವರ್ ಮತ್ತೆ ಶುರುವಾಗುತ್ತೆ. ಟಿವಿ, ರಿಸೀವರ್ ಎರಡನ್ನೂ ಇನ್ವರ್ಟರ್ ಲೈನ್‌ಗೆ ಹಾಕಿಸಿದರೆ ತೊಂದರೆ ಬಹುಪಾಲು ಮುಗಿಯುತ್ತೆ.

ಪ್ರಶ್ನೆ (ಸೋಮವಾರಪೇಟೆ): ಡೆಸ್ಕ್‌ಟಾಪ್ ಕಾಣುತ್ತೆ, ಯೂಟ್ಯೂಬ್ ಬರುತ್ತೆ. ದುಡ್ಡು ಕೊಟ್ಟ ಸಿನಿಮಾ 4ಕೆನಲ್ಲಿ ಹಾಕಿದರೆ ಮಾತ್ರ ಸದ್ದು ಬರುತ್ತೆ, ಚಿತ್ರ ಕಪ್ಪು. ರಿಸೀವರ್ ಹಳೇದು.

ಉತ್ತರ: ಅದು ನಕಲು ತಡೆಯೋ ಬೀಗ, ಎಚ್‌ಡಿಸಿಪಿ. 4ಕೆ ಸಿನಿಮಾಗೆ 2.2 ಆವೃತ್ತಿ ಬೇಕು, ನಡುವಿನ ಒಂದು ಪೆಟ್ಟಿಗೆ ಹಳೇದಾದರೂ ಬೀಗ ತೆರೆಯಲ್ಲ. ರಿಸೀವರ್ ಎಸೆಯಬೇಡಿ ಮೇಡಂ. ಚಿತ್ರ ಕಂಪ್ಯೂಟರ್‌ನಿಂದ ನೇರ ಟಿವಿಗೆ, ಸದ್ದು ಟಿವಿಯ ಎಆರ್‌ಸಿ ಪೋರ್ಟಿನಿಂದ (ಟಿವಿಯ ಸದ್ದನ್ನು ವಾಪಸ್ ಕಳಿಸೋ ಎಚ್‌ಡಿಎಂಐ ಪೋರ್ಟ್) ರಿಸೀವರ್‌ಗೆ ಕೊಡಿ. ಹಾಗೆ ಮಾಡಿದರೆ 5.1 ಡಾಲ್ಬಿವರೆಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಸದ್ದು) ಸಿಗುತ್ತೆ.

ಪ್ರಶ್ನೆ (ಗೋಣಿಕೊಪ್ಪ): ಏಪ್ರಿಲ್‌ನ ಗುಡುಗು ಮಳೆಯಲ್ಲಿ ರಿಸೀವರ್‌ನ ಎರಡು ಎಚ್‌ಡಿಎಂಐ ಪೋರ್ಟ್ ಸತ್ತವು. ಪ್ಲಗ್ ತೆಗೆದೇ ಇಟ್ಟಿದ್ದೆ!

ಉತ್ತರ: ಡಿಶ್ ಕೇಬಲ್ ತೆಗೆದಿದ್ರಾ? ಸಿಡಿಲಿನ ಹೊಡೆತ ಹೆಂಚಿನ ಮೇಲಿನ ಡಿಶ್‌ನಿಂದ ಕೋಯಾಕ್ಸ್ (ಡಿಶ್‌ನ ದುಂಡು ಕೇಬಲ್) ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಬರುತ್ತೆ. ಗುಡುಗು ದೂರದಲ್ಲಿದ್ದಾಗಲೇ ಪ್ಲಗ್, ಡಿಶ್ ಕೇಬಲ್, ಇಂಟರ್‌ನೆಟ್ ಕೇಬಲ್ ಮೂರೂ ತೆಗೀಬೇಕು. ಆಪ್ಟಿಕಲ್ ಕೇಬಲ್ ಇದ್ದರೂ ಮೈಮರೆಯಬೇಡಿ, ಹೆಚ್ಚಿನವುಗಳಲ್ಲಿ ಫೈಬರ್ ಜೊತೆ ತೆಳು ತಾಮ್ರದ ತಂತಿಗಳೂ ಇರುತ್ತವೆ.

ಸೇರ್ಪಡೆ (ಕುಶಾಲನಗರ, ಎಲೆಕ್ಟ್ರಿಷಿಯನ್): ಎಚ್‌ಡಿಎಂಐ ಸಿಕ್ಕಿಸುವಾಗ ಬೆರಳಿಗೆ ಜುಂ ಅಂದರೆ ಅರ್ಥಿಂಗ್ ನೋಡಿಸಿ. ಸಾಕೆಟ್‌ನಲ್ಲಿ ಫೇಸ್‌ನಿಂದ ಅರ್ಥ್‌ಗೆ ಸುಮಾರು 230 ವೋಲ್ಟ್ ಬರಬೇಕು, ನ್ಯೂಟ್ರಲ್‌ನಿಂದ ಅರ್ಥ್‌ಗೆ 2–3 ವೋಲ್ಟ್ ಮೀರಬಾರದು. ಕಂಪ್ಯೂಟರ್, ರಿಸೀವರ್, ಟಿವಿಗೆಲ್ಲ ಒಂದೇ ಅರ್ಥ್ ಇರಲಿ. ಮಳೆಗಾಲದ ಥಂಡಿಗೆ ಪಿನ್ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಎಲ್ಲಾ ಪ್ಲಗ್ ತೆಗೆದು, 99 ಶೇಕಡ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿ.